ಥೈರಾಯ್ಡ್ ಕಾಯಿಲೆ: ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ

ಥೈರಾಯ್ಡ್ ಕಾಯಿಲೆ ಪತ್ತೆಯಾಗುವ ಮೊದಲೇ ಎಷ್ಟೋ ಮಂದಿಗೆ ಬೇರೊಂದು ಹೆಸರು ಬಿದ್ದಿರುತ್ತದೆ: ಸೋಮಾರಿ. ಬೆಳಗಾದರೂ ಹಾಸಿಗೆ ಬಿಟ್ಟು ಏಳದವಳು, ಹೇಳಿದ ಕೆಲಸ ಮರೆಯುವವಳು, ಸಣ್ಣ ಮಾತಿಗೂ ಕಣ್ಣೀರು ಹಾಕುವವಳು, ಮದುವೆಯಾದ ಮೇಲೆ ಮೈ ಬಿಟ್ಟವಳು. ಗಂಡಸಾದರೆ ಆಫೀಸಿನಲ್ಲಿ ಮಂಕಾದವನು, ಮನೆಯಲ್ಲಿ ಸಿಡುಕುವವನು. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇದನ್ನೆಲ್ಲ ಕೇಳಿಸಿಕೊಂಡ ಮೇಲೆ ಯಾರೋ ಒಬ್ಬ ವೈದ್ಯರು ರಕ್ತಪರೀಕ್ಷೆ ಬರೆದುಕೊಡುತ್ತಾರೆ. ರಿಪೋರ್ಟು ಬರುವ ಹೊತ್ತಿಗೆ ಊರವರ ಮಾತು ರೋಗಿಯ ಸ್ವಂತ ಮಾತಾಗಿರುತ್ತದೆ. 'ನಾನೇ ಸರಿಯಿಲ್ಲ' ಎಂದು ಒಳಗೇ ಹೇಳಿಕೊಳ್ಳುವುದು ರೂಢಿಯಾಗಿರುತ್ತದೆ.

ಮಾತ್ರೆ ಶುರುವಾಗುತ್ತದೆ. ಕೆಲವು ತಿಂಗಳಲ್ಲಿ ಥೈರಾಯ್ಡ್ ರಕ್ತಪರೀಕ್ಷೆಯ ಟಿಎಸ್‌ಎಚ್ ಅಂಕಿ ಸರಿಯಾದ ಮಟ್ಟಕ್ಕೆ ಬರುತ್ತದೆ. ಆದರೆ ಒಳಗಿನ ಆ ಬೈಗುಳಕ್ಕೆ ಯಾರೂ ಚೀಟಿ ಬರೆದುಕೊಟ್ಟಿರುವುದಿಲ್ಲ. 'ಎಲ್ಲ ನಾರ್ಮಲ್ ಇದೆಯಲ್ಲ, ಇನ್ನೇನು ನಿನಗೆ?' ಎಂಬ ಪ್ರಶ್ನೆ ಬಂದಾಗ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ತನ್ನನ್ನು ತಾನೇ ಬೈದುಕೊಳ್ಳುವುದು ಈ ಕಾಯಿಲೆಯ ಎರಡನೆಯ ಹೊರೆ, ಮತ್ತು ಅದಕ್ಕೂ ಆರೈಕೆ ಉಂಟು. ಮನಃಶಾಸ್ತ್ರದಲ್ಲಿ ಇದಕ್ಕಾಗಿಯೇ ಬೆಳೆದ ಒಂದು ದಾರಿಯಿದೆ. ಅದರ ತಳಹದಿ ಕರುಣೆ.

ಯಾರ ತಪ್ಪೂ ಅಲ್ಲ

ಮೊದಲು ಕಾಯಿಲೆಯ ವಿಷಯ. ಕತ್ತಿನ ಮುಂಭಾಗದಲ್ಲಿ ಶ್ವಾಸನಾಳವನ್ನು ತಬ್ಬಿಕೊಂಡಂತಿರುವ ಪುಟ್ಟ ಗ್ರಂಥಿ ಥೈರಾಯ್ಡ್. ದೇಹದ ಎಲ್ಲ ಕೆಲಸಗಳ ವೇಗವನ್ನು ನಿರ್ಧರಿಸುವ ಹಾರ್ಮೋನು ತಯಾರಾಗುವುದು ಅಲ್ಲೇ. ಹೊರಗಿನ ಸೋಂಕಿನೊಡನೆ ಹೋರಾಡಬೇಕಾದ ರೋಗನಿರೋಧಕ ವ್ಯವಸ್ಥೆ ಗುರಿ ತಪ್ಪಿ ಈ ಗ್ರಂಥಿಯ ಮೇಲೆಯೇ ಎರಗಿದಾಗ ಎರಡು ಬಗೆಯ ತೊಂದರೆ ಆಗಬಹುದು. ಒಂದರಲ್ಲಿ ಗ್ರಂಥಿ ನಿಧಾನವಾಗಿ ಸವೆದು ಹಾರ್ಮೋನು ಕಡಿಮೆಯಾಗುತ್ತದೆ. ಜಪಾನಿನ ಶಸ್ತ್ರವೈದ್ಯ ಹಕಾರು ಹಶಿಮೊಟೊ 1912ರಲ್ಲಿ ನಾಲ್ವರು ಮಹಿಳೆಯರ ಗ್ರಂಥಿಗಳನ್ನು ಪರೀಕ್ಷಿಸಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಹಶಿಮೊಟೊ ಕಾಯಿಲೆ ಎಂದು ಹೆಸರು. ಇನ್ನೊಂದರಲ್ಲಿ ಅದೇ ರೋಗನಿರೋಧಕ ವ್ಯವಸ್ಥೆ ತಯಾರಿಸುವ ಪ್ರತಿಕಾಯಗಳು ಗ್ರಂಥಿಯನ್ನು ಕೆಣಕಿ ಮಿತಿಮೀರಿ ದುಡಿಸುತ್ತವೆ. ಡಬ್ಲಿನ್ನಿನ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲಿ ದಾಖಲಿಸಿದ ಇದು ಗ್ರೇವ್ಸ್ ಕಾಯಿಲೆ. ಮೊದಲನೆಯದರಲ್ಲಿ ಸುಸ್ತು, ಚಳಿ, ಮಲಬದ್ಧತೆ, ಮರೆವು, ಮುಟ್ಟಿನ ಏರುಪೇರು, ಕೂದಲು ಉದುರುವುದು. ಎರಡನೆಯದರಲ್ಲಿ ಎದೆ ಡವಡವ, ಕೈನಡುಕ, ಬೆವರು, ನಿದ್ದೆಗೇಡು, ತೂಕ ಇಳಿಯುವುದು, ಕೆಲವರಿಗೆ ಕಣ್ಣು ಮುಂದೆ ಬಂದಂತಾಗುವುದು.

ಈ ಎರಡೂ ಕಾಯಿಲೆಗಳು ಹೆಂಗಸರಿಗೆ ಗಂಡಸರಿಗಿಂತ ಹಲವು ಪಟ್ಟು ಹೆಚ್ಚು. ಅಮ್ಮನಿಗೋ ಚಿಕ್ಕಮ್ಮನಿಗೋ ಇದ್ದರೆ ಸಾಧ್ಯತೆ ಇನ್ನೂ ಹೆಚ್ಚು. ಬೆಂಗಳೂರೂ ಸೇರಿದಂತೆ ದೇಶದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಯಸ್ಕರಲ್ಲಿ ಸುಮಾರು ಶೇ. 11 ಮಂದಿಗೆ ಹಾರ್ಮೋನು ಕೊರತೆ ಕಂಡುಬಂದಿತ್ತು. ಅಂದರೆ ನೀವು ಹತ್ತಿದ ಬಸ್ಸಿನಲ್ಲಿ ನಿಮ್ಮಂತೆಯೇ ಬೆಳಿಗ್ಗೆ ಮಾತ್ರೆ ನುಂಗಿ ಬಂದವರು ಇನ್ನೂ ಕೆಲವರಿರುವುದು ಹೆಚ್ಚುಕಡಿಮೆ ಖಚಿತ.

'ಟೆನ್ಷನ್ ಮಾಡ್ಕೊಂಡು ಮಾಡ್ಕೊಂಡು ನೀನೇ ತಂದುಕೊಂಡೆ' ಎಂಬ ಮಾತು ಬಹಳ ಮನೆಗಳಲ್ಲಿ ಕೇಳುತ್ತದೆ. ವಂಶವಾಹಿ, ಹೆಣ್ಣು ದೇಹದ ಹಾರ್ಮೋನುಗಳು, ಹೆರಿಗೆ, ಅಯೋಡಿನ್ ಪ್ರಮಾಣ ಇಂಥ ಹಲವು ಕಾರಣಗಳು ಕೂಡಿದಾಗ ಬರುವ ಕಾಯಿಲೆ ಇದು. ಚಿಂತೆ ಮಾಡಿದ್ದಕ್ಕೆ ಶಿಕ್ಷೆಯಾಗಿ ಬಂದದ್ದಲ್ಲ. ಎಲೆಕೋಸು ತಿಂದಿದ್ದರಿಂದಲೂ ಬಂದದ್ದಲ್ಲ. ಬೇಯಿಸಿದ ಕೋಸು, ಹೂಕೋಸುಗಳನ್ನು ಎಲ್ಲರಂತೆ ಹಿತಮಿತವಾಗಿ ತಿನ್ನಬಹುದು.

ತೂಕದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ಅವಮಾನ ಹುಟ್ಟುವುದು ಅಲ್ಲಿಂದಲೇ. ಹಾರ್ಮೋನು ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕಿಲೋ, ಅದರಲ್ಲೂ ಬಹುಪಾಲು ದೇಹದಲ್ಲಿ ನಿಂತ ಉಪ್ಪು ಮತ್ತು ನೀರು. ಇದನ್ನು ಎರಡು ಕಡೆಯಿಂದಲೂ ತಿಳಿಯುವುದು ಒಳ್ಳೆಯದು. ಏರಿದ ಈ ತೂಕ ಹೊಟ್ಟೆಬಾಕತನದ ಗುರುತಲ್ಲ. ಹಾಗೆಯೇ, ಮಾತ್ರೆ ತೆಗೆದುಕೊಂಡ ಕೂಡಲೇ ಹದಿನೈದು ಕಿಲೋ ಇಳಿಯಲಿಲ್ಲವೆಂದರೆ ಮಾತ್ರೆಯೂ ಸೋತಿಲ್ಲ, ನೀವೂ ಸೋತಿಲ್ಲ.

ಇನ್ನು ಮನಸ್ಸು. ಥೈರಾಯ್ಡಿಗೂ ಮನಸ್ಸಿಗೂ ಇರುವ ನಂಟನ್ನು ವೈದ್ಯಶಾಸ್ತ್ರ ಬಹಳ ಹಿಂದೆಯೇ ಗುರುತಿಸಿದೆ. 1949ರಲ್ಲಿ ರಿಚರ್ಡ್ ಆಶರ್ ಎಂಬ ಇಂಗ್ಲೆಂಡಿನ ವೈದ್ಯ, ಹಾರ್ಮೋನು ತೀರಾ ಕುಗ್ಗಿದಾಗ ಕೆಲವರಿಗೆ ಬುದ್ಧಿಭ್ರಮಣೆಯೇ ಆಗಬಹುದೆಂದು ಹದಿನಾಲ್ಕು ರೋಗಿಗಳ ವಿವರ ಕೊಟ್ಟು ಬರೆದರು. ಗ್ರಂಥಿಯ ಉರಿಯೂತ ಇರುವವರಲ್ಲಿ ಖಿನ್ನತೆ ಮತ್ತು ಆತಂಕ ಉಳಿದವರಿಗಿಂತ ಹೆಚ್ಚು ಎಂದು 2018ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಮರ್ಶೆ ಹೇಳಿತು. ಆ ನಂಟು ಎಷ್ಟು ಬಲವಾದದ್ದು ಎಂಬುದರಲ್ಲಿ ಸಂಶೋಧಕರಿಗೆ ಒಮ್ಮತವಿಲ್ಲ, ನಂಟು ಇದೆ ಎಂಬುದನ್ನು ಹಲವು ಅಧ್ಯಯನಗಳು ಕಂಡಿವೆ. ಬಾಣಂತಿಯರ ವಿಷಯದಲ್ಲಂತೂ ಎಚ್ಚರ ಬೇಕೇ ಬೇಕು. ಹೆರಿಗೆಯಾದ ಮೊದಲ ವರ್ಷದಲ್ಲಿ ಕೆಲವರಿಗೆ ಥೈರಾಯ್ಡ್ ಮೊದಲು ಏರಿ, ಆಮೇಲೆ ಕುಸಿಯುತ್ತದೆ. ಅದರ ಸುಸ್ತು, ಅಳು, ಸಿಡಿಮಿಡಿಗಳನ್ನು ಮನೆಯವರು 'ಬಾಣಂತನದಲ್ಲಿ ಇದೆಲ್ಲ ಇದ್ದದ್ದೇ' ಎಂದು ಬಿಟ್ಟುಬಿಡುತ್ತಾರೆ. ಒಂದು ಸರಳ ರಕ್ತಪರೀಕ್ಷೆ ಮಾಡಿಸಿದ್ದರೆ ಆ ತಾಯಿ ತಿಂಗಳುಗಟ್ಟಲೆ ತನ್ನನ್ನು ಕೆಟ್ಟ ತಾಯಿ ಎಂದುಕೊಳ್ಳುವುದು ತಪ್ಪುತ್ತಿತ್ತು.

ಬೆದರಿಕೆ, ಓಟ, ನೆಮ್ಮದಿ

ಕರುಣೆ ಆಧಾರಿತ ಚಿಕಿತ್ಸೆಯನ್ನು ರೂಪಿಸಿದವರು ಇಂಗ್ಲೆಂಡಿನ ಡರ್ಬಿಯ ಮನಃಶಾಸ್ತ್ರಜ್ಞ ಪಾಲ್ ಗಿಲ್ಬರ್ಟ್. ತೀವ್ರ ನಾಚಿಕೆ ಮತ್ತು ಆತ್ಮನಿಂದೆಯಲ್ಲಿ ಬೆಂದವರ ಜೊತೆ ಕೆಲಸ ಮಾಡುವಾಗ ಅವರಿಗೊಂದು ವಿಷಯ ಕಾಣಿಸಿತು. 'ಇದರಲ್ಲಿ ನನ್ನ ತಪ್ಪಿಲ್ಲ' ಎಂದು ಆ ರೋಗಿಗಳು ತರ್ಕದಿಂದ ಒಪ್ಪುತ್ತಿದ್ದರು, ಆದರೆ ಮನಸ್ಸಿಗೆ ಹಾಯೆನಿಸುತ್ತಿರಲಿಲ್ಲ. ಸಮಾಧಾನದ ಮಾತನ್ನೂ ಅವರು ತಮಗೆ ತಾವೇ ಗದರಿಸುವ ದನಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಮಾತು ಬದಲಾದರೆ ಸಾಲದು, ದನಿಯೂ ಬದಲಾಗಬೇಕು ಎಂಬಲ್ಲಿಂದ ಈ ವಿಧಾನ ಬೆಳೆಯಿತು. ಬೌದ್ಧ ಚಿಂತನೆಯ ಕರುಣೆಯನ್ನೂ ಮಿದುಳಿನ ಬಗೆಗಿನ ಹೊಸ ತಿಳಿವಳಿಕೆಯನ್ನೂ ಅದು ಜೊತೆಗಿಟ್ಟುಕೊಂಡಿತು.

ಗಿಲ್ಬರ್ಟ್ ಹೇಳುವಂತೆ ನಮ್ಮ ಭಾವನೆಗಳನ್ನು ಮೂರು ವ್ಯವಸ್ಥೆಗಳು ನಡೆಸುತ್ತವೆ. ಒಂದು ಅಪಾಯ ಕಂಡಾಗ ಎಚ್ಚರಿಸುವ ಬೆದರಿಕೆಯ ವ್ಯವಸ್ಥೆ. ಇನ್ನೊಂದು ಬೇಕಾದ್ದನ್ನು ಪಡೆಯಲು ಓಡಿಸುವ ವ್ಯವಸ್ಥೆ. ಮೂರನೆಯದು ಹೊಟ್ಟೆ ತುಂಬಿದ ಮಗು ತಾಯಿಯ ಮಡಿಲಲ್ಲಿ ಮಲಗಿದಾಗಿನ ನೆಮ್ಮದಿಯ ವ್ಯವಸ್ಥೆ. ಮೂರೂ ಬೇಕು. ತೊಂದರೆಯಾಗುವುದು ಒಂದೇ ಸದಾ ಉರಿಯುತ್ತಿದ್ದಾಗ.

ಥೈರಾಯ್ಡ್ ಕಾಯಿಲೆಯನ್ನು ಈ ಮೂರರ ಮೇಲಿಟ್ಟು ನೋಡಿದರೆ ರೋಗಿಯ ದಿನ ಚೆನ್ನಾಗಿ ಅರ್ಥವಾಗುತ್ತದೆ. ಹಾರ್ಮೋನು ಕಡಿಮೆಯಾದವರಲ್ಲಿ ಓಡಿಸುವ ಶಕ್ತಿಯೇ ಕುಗ್ಗಿರುತ್ತದೆ. ಕೆಲಸಗಳು ಉಳಿಯುತ್ತವೆ: ಮಡಿಸದ ಬಟ್ಟೆ, ತಪ್ಪಿದ ಫೋನು, ಅರ್ಧಕ್ಕೆ ನಿಂತ ಫೈಲು. ಆಗ ಬೆದರಿಕೆಯ ವ್ಯವಸ್ಥೆ ಮುಂದೆ ಬಂದು 'ಏಳು, ನಾಚಿಕೆಯಾಗಲ್ವಾ' ಎಂದು ಚಾಟಿ ಬೀಸುತ್ತದೆ. ಒಂದೆರಡು ದಿನ ಆ ಚಾಟಿಗೆ ಓಡಿಯೂ ಓಡುತ್ತಾರೆ. ಮೂರನೆಯ ದಿನ ಇನ್ನೂ ಹೆಚ್ಚು ಸುಸ್ತು, ಇನ್ನೂ ದೊಡ್ಡ ಬೈಗುಳ. ಹಾರ್ಮೋನು ಹೆಚ್ಚಾದವರ ಕಥೆ ಬೇರೆ. ಅವರ ಎದೆಬಡಿತ, ಬೆವರು, ನಡುಕ ಎಲ್ಲವೂ ಹೆದರಿದವರ ದೇಹದಲ್ಲಿ ಆಗುವಂಥವೇ. ಹೊರಗೆ ಏನೂ ಆಗದಿದ್ದರೂ ಮಿದುಳು 'ಏನೋ ಆಪತ್ತು' ಎಂದು ಓದಿಕೊಳ್ಳುತ್ತದೆ. ಮಗುವಿನ ಮೇಲೆ ರೇಗಿ, ಆಮೇಲೆ ಬಚ್ಚಲಲ್ಲಿ ನಿಂತು ಅತ್ತ ತಾಯಂದಿರು ಎಷ್ಟೋ. ರೇಗಿದ್ದರಲ್ಲಿ ಹಾರ್ಮೋನಿನ ಪಾಲು ದೊಡ್ಡದಿತ್ತು ಎಂದು ಅವರಿಗೆ ಯಾರಾದರೂ ಹೇಳಿರಬೇಕಿತ್ತು.

ಎರಡೂ ಬಗೆಯವರಲ್ಲಿ ಹಸಿದುಕೊಂಡೇ ಉಳಿಯುವುದು ನೆಮ್ಮದಿಯ ವ್ಯವಸ್ಥೆ. ಕರುಣೆಯ ಚಿಕಿತ್ಸೆ ಮಾಡುವುದು ಅದಕ್ಕೆ ಉಣಿಸುವ ಕೆಲಸ.

ಕರುಣೆ ಎಂದರೇನು ಎಂಬುದಕ್ಕೆ ಗಿಲ್ಬರ್ಟ್ ಎರಡು ಭಾಗದ ವಿವರಣೆ ಕೊಡುತ್ತಾರೆ: ನೋವನ್ನು ಕಣ್ಣಿಟ್ಟು ನೋಡುವುದು, ಮತ್ತು ಅದನ್ನು ತಗ್ಗಿಸಲು, ಮತ್ತೆ ಬರದಂತೆ ತಡೆಯಲು ಪಣತೊಡುವುದು. ಎರಡನೆಯ ಭಾಗವನ್ನು ಜನ ಮರೆಯುತ್ತಾರೆ. ಅಮೆರಿಕದ ಮನಃಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ ತನ್ನ ಮೇಲಿನ ಕರುಣೆಯನ್ನು ಅಳೆಯುವ ಪ್ರಶ್ನಾವಳಿ ಪ್ರಕಟಿಸಿದಾಗ ಅದರಲ್ಲಿ ಮೂರು ಎಳೆಗಳನ್ನು ಗುರುತಿಸಿದ್ದರು. ತನ್ನೊಡನೆ ಮೃದುವಾಗಿ ನಡೆದುಕೊಳ್ಳುವುದು, ಕಷ್ಟ ನನ್ನೊಬ್ಬಳದೇ ಅಲ್ಲ, ಮನುಷ್ಯರಾದವರಿಗೆಲ್ಲ ಇರುವಂಥದ್ದು ಎಂದು ಕಾಣುವುದು, ನೋವನ್ನು ಮುಚ್ಚಿಡದೆ, ಅದರಲ್ಲೇ ಮುಳುಗದೆ ಇದ್ದಂತೆ ನೋಡುವುದು. ಇಂಥ ಅಭ್ಯಾಸಗಳಿಂದ ಆತ್ಮನಿಂದೆ ಮತ್ತು ಖಿನ್ನತೆ ತಗ್ಗುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಆದರೆ ಧ್ಯಾನದಿಂದ ಪ್ರತಿಕಾಯ ಕರಗಿಸುತ್ತೇವೆ, ಮಾತ್ರೆ ಬಿಡಿಸುತ್ತೇವೆ ಎಂದು ಯಾರಾದರೂ ಭರವಸೆ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ಕರುಣೆ ಮನಸ್ಸಿಗೆ, ಮಾತ್ರೆ ಹಾರ್ಮೋನಿಗೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

'ನನ್ನ ಮೇಲೆ ನಾನೇ ಕನಿಕರ ಪಟ್ಟರೆ ಇನ್ನೂ ಹಾಳಾಗ್ತೀನಿ' ಎಂದು ಹೆದರುವವರು ಬಹಳ. ಬೈದು ಬೆಳೆಸಿದ ಮನೆಗಳಲ್ಲಿ ಬೆಳೆದವರಿಗೆ ಬೈಗುಳವೇ ಶಿಸ್ತು ಅನಿಸಿರುತ್ತದೆ. ಕರುಣೆಗೆ ಹೆದರುವುದು ಎಷ್ಟು ಸಾಮಾನ್ಯವೆಂದರೆ ಗಿಲ್ಬರ್ಟ್ ಮತ್ತು ಸಂಗಡಿಗರು ಆ ಹೆದರಿಕೆಯನ್ನೇ ಅಳೆಯುವ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿದ್ದಾರೆ. ಹೆದರಿಕೆ ಬಂದರೆ ಬರಲಿ. ಒಳ್ಳೆಯ ಮೇಷ್ಟರೊಬ್ಬರನ್ನು ನೆನಪು ಮಾಡಿಕೊಳ್ಳಿ. ಅವರು ತಪ್ಪನ್ನು ತಿದ್ದುತ್ತಿದ್ದರು, ಹೋಂವರ್ಕ್ ಮಾಡಿಸಿಯೇ ಬಿಡುತ್ತಿದ್ದರು, ಆದರೆ ನಮ್ಮನ್ನು ಕೀಳು ಮಾಡುತ್ತಿರಲಿಲ್ಲ. ನಮ್ಮೊಳಗೆ ಬೇಕಾಗಿರುವುದು ಆ ದನಿ.

ಮನೆಯಲ್ಲೇ ಮಾಡಬಹುದಾದದ್ದು

ಮೊದಲ ಕೆಲಸ ಒಳಗಿನ ಬೈಗುಳವನ್ನು ಹಿಡಿಯುವುದು. ಒಂದು ವಾರ ಚಿಕ್ಕ ಪುಸ್ತಕವೊಂದನ್ನು ಅಡುಗೆಮನೆಯಲ್ಲೋ ಬ್ಯಾಗಿನಲ್ಲೋ ಇಟ್ಟುಕೊಳ್ಳಿ. ನಿಮ್ಮನ್ನು ನೀವು ಬೈದುಕೊಂಡ ಮಾತನ್ನು ಇದ್ದ ಹಾಗೆಯೇ ಬರೆಯಿರಿ: 'ದಂಡ ನಾನು', 'ಎಲ್ಲರೂ ಮಾಡ್ತಾರೆ, ನನಗೊಬ್ಬಳಿಗೇ ಆಗಲ್ಲ'. ಆ ಮಾತು ಯಾರ ದನಿಯಲ್ಲಿ ಕೇಳಿತು ಎಂದೂ ಗುರುತು ಹಾಕಿ. ಅಪ್ಪನದೋ, ಅತ್ತೆಯದೋ, ಹಳೆಯ ಟೀಚರದೋ ಆಗಿರಬಹುದು. ಬಹಳ ಜನರಿಗೆ ಇಲ್ಲಿಯೇ ಅರ್ಧ ಹಗುರಾಗುತ್ತದೆ, ಏಕೆಂದರೆ ಸತ್ಯ ಎಂದುಕೊಂಡಿದ್ದು ಯಾರದೋ ಮಾತು ಎಂದು ತಿಳಿಯುತ್ತದೆ. ಆ ಮಾತಿನೊಡನೆ ಜಗಳಕ್ಕೆ ಹೋಗಬೇಡಿ. ಪಕ್ಕದಲ್ಲಿ ಒಂದೇ ಸಾಲು ಸೇರಿಸಿ: 'ಇದೇ ಕಾಯಿಲೆ ನನ್ನ ತಂಗಿಗೆ ಬಂದಿದ್ದರೆ ಅವಳಿಗೆ ಏನು ಹೇಳುತ್ತಿದ್ದೆ?'

ಎರಡನೆಯದು ಉಸಿರು. ಬೆನ್ನು ನೇರ ಮಾಡಿ ಕುಳಿತು, ಭುಜ ಸಡಿಲ ಬಿಟ್ಟು, ಎಣಿಸುತ್ತ ನಿಧಾನವಾಗಿ ಒಳಗೆಳೆದು ಅಷ್ಟೇ ನಿಧಾನವಾಗಿ ಬಿಡಿ. ನಿಮಿಷಕ್ಕೆ ಐದಾರು ಉಸಿರಾದರೆ ಸಾಕು, ಬಲವಂತ ಬೇಡ. ಉಸಿರು ಬಿಡುವಾಗ ಮುಖದ ಬಿಗಿ ಸಡಿಲಿಸಿ, ಪ್ರೀತಿಯವರನ್ನು ಕಂಡಾಗಿನ ಮುಖಭಾವ ತಂದುಕೊಳ್ಳಿ. ಈ ಮುಖಭಾವ ಅಲಂಕಾರಕ್ಕೆ ಸೇರಿಸಿದ್ದಲ್ಲ, ಅಭ್ಯಾಸದ ಭಾಗವೇ. ಹೀಗೆ ಮೂರರಿಂದ ಐದು ನಿಮಿಷ. ಹಾರ್ಮೋನು ಕಡಿಮೆಯಿದ್ದವರಿಗೆ ಕಣ್ಣು ಮುಚ್ಚಿದರೆ ನಿದ್ದೆ ಎಳೆಯುವುದು ಸಹಜ, ನಿದ್ದೆ ಬಂದರೆ ಮಲಗಿ. ಹಾರ್ಮೋನು ಹೆಚ್ಚಿದ್ದು ಎದೆ ಹೊಡೆದುಕೊಳ್ಳುತ್ತಿರುವವರಿಗೆ ಉಸಿರಿನ ಮೇಲೆ, ಎದೆಬಡಿತದ ಮೇಲೆ ಗಮನವಿಟ್ಟರೆ ಗಾಬರಿ ಹೆಚ್ಚಬಹುದು. ಅವರು ಕಣ್ಣು ತೆರೆದೇ ಇರಲಿ. ಪಾದ ನೆಲಕ್ಕೆ ಊರಿರುವುದು, ಬೀದಿಯಲ್ಲಿ ಹೂವಿನವನು ಕೂಗುವುದು, ಕೈಯಲ್ಲಿರುವ ಲೋಟದ ತಂಪು ಇವುಗಳ ಮೇಲೆ ಗಮನ ನಿಲ್ಲಿಸಲಿ.

ಮೂರನೆಯದು ಪತ್ರ. ನನ್ನ ದೃಷ್ಟಿಯಲ್ಲಿ ಇದು ಎಲ್ಲಕ್ಕಿಂತ ಆಳವಾದದ್ದು, ಎಲ್ಲಕ್ಕಿಂತ ಕಷ್ಟದ್ದೂ ಹೌದು. ನಿಮ್ಮನ್ನು ಚೆನ್ನಾಗಿ ಬಲ್ಲ, ವಿವೇಕವುಳ್ಳ, ಧೈರ್ಯವುಳ್ಳ ಒಬ್ಬರು ನಿಮಗೆ ಬರೆಯುತ್ತಿದ್ದಾರೆ ಎಂದುಕೊಂಡು ನೀವೇ ನಿಮಗೆ ಬರೆಯಬೇಕು. ಆಡುಮಾತಿನಲ್ಲೇ ಇರಲಿ. ಹೀಗೆ ಶುರುಮಾಡಬಹುದು:

'ನೋಡು, ನಿನ್ನೆ ಸಂಜೆ ಚಪಾತಿ ಲಟ್ಟಿಸ್ತಾ ಲಟ್ಟಿಸ್ತಾ ಕೂತುಬಿಟ್ಟೆ. ಕೈ ಏಳಲಿಲ್ಲ. ಆಮೇಲೆ ರಾತ್ರಿಯೆಲ್ಲ ನಿನ್ನನ್ನ ನೀನೇ ಬೈದುಕೊಂಡೆ. ಕೈ ಏಳದೆ ಇದ್ದಿದ್ದು ಮನಸ್ಸಿಲ್ಲದೆ ಅಲ್ಲ. ಡೋಸು ಹೆಚ್ಚು ಮಾಡಿ ಇನ್ನೂ ಮೂರು ವಾರ ಆಗಿದೆ, ಮೈ ಇನ್ನೂ ಚೇತರಿಸಿಕೊಳ್ತಾ ಇದೆ. ಇಂಥ ಸುಸ್ತಲ್ಲೂ ಮಕ್ಕಳ ಬುತ್ತಿ ಒಂದು ದಿನಾನೂ ತಪ್ಪಿಸಲಿಲ್ಲ ನೀನು. ಈ ವಾರ ಚಪಾತಿ ಬೇಡ, ಅನ್ನ ಸಾರು ಸಾಕು. ಮುಂದಿನ ತಿಂಗಳು ಟೆಸ್ಟಿಗೆ ಹೋಗೋಣ. ಈ ಸುಸ್ತಿನ ವಿಷಯ ಡಾಕ್ಟರಿಗೆ ಬಾಯಿಬಿಟ್ಟು ಹೇಳೋಣ.'

ಪತ್ರದಲ್ಲಿ ಮೂರು ಸಂಗತಿ ಇವೆ ನೋಡಿ. ನೋವನ್ನು ಮುಚ್ಚಿಟ್ಟಿಲ್ಲ, ಕಾರಣವನ್ನು ನಿಜವಾಗಿ ಹೇಳಿದೆ, ಮುಂದೇನು ಮಾಡಬೇಕೆಂಬುದೂ ಇದೆ. ಸುಮ್ಮನೆ 'ನೀನು ತುಂಬಾ ಒಳ್ಳೆಯವಳು' ಎಂದು ಬರೆದರೆ ಮನಸ್ಸು ನಂಬುವುದಿಲ್ಲ. ಬರೆದ ಮೇಲೆ ಒಮ್ಮೆ ಮೆಲುದನಿಯಲ್ಲಿ ಓದಿಕೊಳ್ಳಿ. ಅಳು ಬಂದರೆ ತಡೆಯಬೇಡಿ. ಹಳೆಯ ಗಾಯಗಳು ಎದ್ದು ಬಂದು ತಾಳಲಾಗದಷ್ಟು ಆದರೆ ಅಲ್ಲಿಗೇ ನಿಲ್ಲಿಸಿ, ಮುಂದಿನದನ್ನು ತಜ್ಞರ ಜೊತೆ ಕುಳಿತು ಮಾಡಿ.

ಮಾತ್ರೆಯೂ ಕರುಣೆಯೇ

ನೋವನ್ನು ತಗ್ಗಿಸುವ ಪಣ ಎಂಬ, ಕರುಣೆಯ ಆ ಎರಡನೆಯ ಭಾಗ ಥೈರಾಯ್ಡಿನ ಮಟ್ಟಿಗೆ ದಿನದಿನದ ಔಷಧಿಯಲ್ಲೇ ಇದೆ. ಹಾರ್ಮೋನು ಕೊರತೆಗೆ ಕೊಡುವ ಲೆವೊಥೈರಾಕ್ಸಿನ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ನೀರಿನ ಜೊತೆ, ಕಾಫಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ನುಂಗಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳು ಇದನ್ನು ಮೈಗೆ ಹತ್ತಲು ಬಿಡುವುದಿಲ್ಲ, ನಡುವೆ ನಾಲ್ಕು ಗಂಟೆ ಅಂತರವಿರಲಿ. ಕೂದಲಿಗೆಂದು ಬಯೋಟಿನ್ ತೆಗೆದುಕೊಳ್ಳುವವರು ರಕ್ತ ಕೊಡುವ ಎರಡು ದಿನ ಮೊದಲೇ ಅದನ್ನು ನಿಲ್ಲಿಸಬೇಕು, ಇಲ್ಲವಾದರೆ ಥೈರಾಯ್ಡ್ ಪರೀಕ್ಷೆಯ ಅಂಕಿಗಳೇ ತಪ್ಪಾಗಿ ಬರಬಹುದು. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಆದ್ದರಿಂದ ಅದನ್ನು ಸೇವಿಸುತ್ತಿದ್ದರೆ ವೈದ್ಯರಿಗೆ ತಿಳಿಸಿ.

ತಾಳ್ಮೆಗೆ ಒಂದು ಗಟ್ಟಿ ಕಾರಣವಿದೆ. ಈ ಔಷಧಿಯ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಒಂದು ವಾರ ಬೇಕು. ಡೋಸು ಬದಲಿಸಿದ ಮೇಲೆ ಹೊಸ ಮಟ್ಟ ನೆಲೆಗೊಳ್ಳಲು ಹಲವು ವಾರಗಳಾಗುತ್ತವೆ. ಆದ್ದರಿಂದಲೇ ಟಿಎಸ್‌ಎಚ್ ಪರೀಕ್ಷೆಯನ್ನು ಆರರಿಂದ ಎಂಟು ವಾರದ ನಂತರ ಮಾಡಿಸುತ್ತಾರೆ. ಹತ್ತೇ ದಿನಕ್ಕೆ 'ನನಗೆ ಏನು ಮಾಡಿದರೂ ನಾಟುವುದಿಲ್ಲ' ಎಂದುಕೊಳ್ಳುವುದು ದೇಹಕ್ಕೆ ಮಾಡುವ ಅನ್ಯಾಯ. ಒಂದು ದಿನ ಮರೆತರೂ ಆಕಾಶ ಬೀಳುವುದಿಲ್ಲ. ನೆನಪಾದಾಗ ಏನು ಮಾಡಬೇಕೆಂದು ನಿಮ್ಮ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಪ್ರತಿಕಾಯದ ಅಂಕಿಯ ಬೆನ್ನು ಹತ್ತುವುದೂ ಬೇಡ. ಅದು ಒಮ್ಮೆ ಪಾಸಿಟಿವ್ ಎಂದು ಗೊತ್ತಾದ ಮೇಲೆ ಹಶಿಮೊಟೊದಲ್ಲಿ ಸಾಮಾನ್ಯವಾಗಿ ಪದೇ ಪದೇ ಅಳೆಯುವ ಅಗತ್ಯವಿಲ್ಲ, ಡೋಸು ನಿರ್ಧಾರವಾಗುವುದು ಟಿಎಸ್‌ಎಚ್ ನೋಡಿ. ಆ ಅಂಕಿ ಏರಿತೆಂದು ಅಳುತ್ತ ಕೂರುವವರನ್ನು ಕಂಡಾಗ ಸಂಕಟವಾಗುತ್ತದೆ.

ಲೆವೊಥೈರಾಕ್ಸಿನ್ ತೆಗೆದುಕೊಳ್ಳುವವರು ಮುಟ್ಟು ನಿಂತು ಗರ್ಭ ನಿಂತಿದೆ ಎಂದು ತಿಳಿದ ಕೂಡಲೇ ವೈದ್ಯರನ್ನು ಕಾಣಿ. ಮಗುವಿಗಾಗಿ ಆಗ ಸಾಮಾನ್ಯವಾಗಿ ಡೋಸು ಹೆಚ್ಚಿಸಬೇಕಾಗುತ್ತದೆ, ಮಾತ್ರೆ ನಿಲ್ಲಿಸುವುದಂತೂ ಕೂಡದೇ ಕೂಡದು. ಗ್ರೇವ್ಸ್ ಕಾಯಿಲೆಗೆ ಕಾರ್ಬಿಮಜೋಲ್ ಅಥವಾ ಮೆಥಿಮಜೋಲ್ ತೆಗೆದುಕೊಳ್ಳುವವರಿಗೆ ಜ್ವರ, ಗಂಟಲು ನೋವು ಬಂದರೆ ಅದನ್ನು ಶೀತವೆಂದು ಬಿಡಬಾರದು. ಅಪರೂಪಕ್ಕೆ ಈ ಔಷಧಿ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಮುಂದಿನ ಮಾತ್ರೆ ನುಂಗದೆ ಅಂದೇ ವೈದ್ಯರನ್ನು ಕಂಡು ರಕ್ತಕಣಗಳ ಎಣಿಕೆ ಮಾಡಿಸಬೇಕು. ಈ ಕಾಯಿಲೆ ಇರುವವರು ಬೀಡಿ ಸಿಗರೇಟು ಬಿಡಲೇಬೇಕು, ಹೊಗೆ ಕಣ್ಣಿನ ತೊಂದರೆಯನ್ನು ಉಲ್ಬಣಗೊಳಿಸುತ್ತದೆ.

ಮನೆಯವರಿಗೆ

ಮನೆಮಂದಿಗೆಲ್ಲ ಮೊದಲು ಕಾಫಿ ಮಾಡಿಕೊಟ್ಟು ಕೊನೆಗೆ ತಾನು ಕುಡಿಯುವ ಹೆಂಗಸಿಗೆ 'ಮಾತ್ರೆ ನುಂಗಿ ಒಂದು ಗಂಟೆ ಬಿಡಿ' ಎಂಬ ಸಲಹೆ ಹೇಳಿದಷ್ಟು ಸುಲಭವಲ್ಲ. ಅದಕ್ಕೆ ಮನೆಯವರ ನೆರವು ಬೇಕು, ನೆರವು ಕೇಳಿಕೊಳ್ಳುವುದೂ ಅಭ್ಯಾಸವೇ. ಬೇರೆಯವರ ಕರುಣೆಯನ್ನು ಒಳಗೆ ಬಿಟ್ಟುಕೊಳ್ಳುವುದು ಈ ಚಿಕಿತ್ಸೆಯ ಒಂದು ಮುಖ್ಯ ಭಾಗ. 'ಅತ್ತೆ, ಡಾಕ್ಟ್ರು ಹೇಳಿದಾರೆ, ಈ ಮಾತ್ರೆ ನುಂಗಿ ಸ್ವಲ್ಪ ಹೊತ್ತು ಏನೂ ತಗೋಬಾರದಂತೆ. ಬೆಳಿಗ್ಗೆ ಹಾಲು ಕಾಯಿಸೋದು ನೀವು ನೋಡ್ಕೊಳ್ತೀರಾ?' 'ರೀ, ಈ ಎರಡು ತಿಂಗಳು ಸಂಜೆ ಮಕ್ಕಳ ಹೋಂವರ್ಕ್ ನೀವು ನೋಡಿ, ನನಗೆ ಆ ಹೊತ್ತಿಗೆ ತಲೆ ಓಡಲ್ಲ.' ಹೀಗೆ ಗೊತ್ತಾದ ಕೆಲಸವನ್ನು, ಗೊತ್ತಾದ ಅವಧಿಗೆ ಕೇಳಿದರೆ ಒಪ್ಪುವವರು ಹೆಚ್ಚು. 'ನನ್ನನ್ನ ಯಾರೂ ಅರ್ಥ ಮಾಡ್ಕೊಳ್ಳಲ್ಲ' ಎಂದರೆ ಎದುರಿನವರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಮನೆಯವರಲ್ಲಿ ನನ್ನ ಪ್ರಾರ್ಥನೆಯೂ ಒಂದಿದೆ. ತೂಕದ ಮಾತು ಎತ್ತಬೇಡಿ. ಮದುವೆಮನೆಯಲ್ಲಿ, ನಾಮಕರಣದಲ್ಲಿ, ವಿಡಿಯೋ ಕರೆಯಲ್ಲಿ 'ಏನೇ, ಇಷ್ಟು ದಪ್ಪ ಆಗಿದೀಯಾ' ಎಂದು ಶುರುಮಾಡುವ ಪದ್ಧತಿಯನ್ನು ದಯವಿಟ್ಟು ಬಿಡಿ. 'ಇವತ್ತು ಹೇಗಿದೆ ಮೈ?' ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಅವರ ಜೊತೆ ಒಮ್ಮೆ ವೈದ್ಯರ ಬಳಿ ಹೋಗಿ ಕುಳಿತು ಕೇಳಿಸಿಕೊಳ್ಳಿ. ಮದುವೆಗೆ ಹೆಣ್ಣು ನೋಡುವವರು ಥೈರಾಯ್ಡ್ ಎಂದ ಕೂಡಲೇ ಹಿಂದೆ ಸರಿಯುತ್ತಾರೆಂದು ಕಾಯಿಲೆಯನ್ನೇ ಮುಚ್ಚಿಟ್ಟು, ಮಗಳು ಕದ್ದು ಮಾತ್ರೆ ನುಂಗುವ ಸ್ಥಿತಿ ತರುವ ಹಿರಿಯರಿದ್ದಾರೆ. ಸರಿಯಾಗಿ ಚಿಕಿತ್ಸೆ ಪಡೆದವರು ದುಡಿಯುತ್ತಾರೆ, ಹೆರುತ್ತಾರೆ, ಪೂರ್ಣ ಆಯಸ್ಸು ಬಾಳುತ್ತಾರೆ. ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ.

ನೆರವು ಎಲ್ಲಿ ಸಿಗುತ್ತದೆ

ಎರಡು ವಾರಕ್ಕೂ ಮೀರಿ ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿದ್ದರೆ, ಇಷ್ಟವಾಗುತ್ತಿದ್ದ ಕೆಲಸಗಳೂ ರುಚಿಸದಿದ್ದರೆ, ಬದುಕಿ ಏನು ಫಲ ಎಂಬ ಯೋಚನೆ ಬಂದರೆ ಪತ್ರ ಬರೆಯುವುದಷ್ಟೇ ಸಾಲದು. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ, ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಈ ಸೇವೆ ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮಲ್ಲಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲೇ ವಿಚಾರಿಸಿ. ಕರುಣೆ ಆಧಾರಿತ ಚಿಕಿತ್ಸೆಯೇ ಬೇಕೆನಿಸಿದರೆ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿತರಾದ ಕ್ಲಿನಿಕಲ್ ಸೈಕಾಲಜಿಸ್ಟರನ್ನು ಹುಡುಕಿ, 'ನಿಮಗೆ ಇದರಲ್ಲಿ ತರಬೇತಿ ಆಗಿದೆಯೇ' ಎಂದು ನೇರವಾಗಿ ಕೇಳಿ. ಕೇಳುವುದು ನಿಮ್ಮ ಹಕ್ಕು. ವಿದೇಶದಲ್ಲಿರುವ ಕನ್ನಡಿಗರು ತಮ್ಮ ಕುಟುಂಬ ವೈದ್ಯರ ಮೂಲಕ ಈ ಚಿಕಿತ್ಸೆಯ ವಿಷಯ ವಿಚಾರಿಸಬಹುದು.

ಖಿನ್ನತೆಗೆ ಮಾತ್ರೆ ಬೇಕೆಂದು ಮನೋವೈದ್ಯರು ಹೇಳಿದರೆ ಹಿಂಜರಿಯಬೇಡಿ. ಥೈರಾಯ್ಡ್ ಮಾತ್ರೆಯ ಜೊತೆ ಅದನ್ನು ತೆಗೆದುಕೊಳ್ಳಬಹುದು, ಎರಡೂ ವೈದ್ಯರಿಗೆ ಎರಡೂ ಔಷಧಿಗಳ ವಿಷಯ ಗೊತ್ತಿರಬೇಕು ಅಷ್ಟೆ. ಸರ್ಟ್ರಲೀನ್‌ನಂಥ ಕೆಲವು ಔಷಧಿಗಳಿಂದ ಥೈರಾಯ್ಡ್ ಡೋಸು ಬದಲಿಸಬೇಕಾಗಬಹುದು. ಲಿಥಿಯಂ ತೆಗೆದುಕೊಳ್ಳುವವರಿಗೆ ಥೈರಾಯ್ಡ್ ಕುಗ್ಗುವ ಸಾಧ್ಯತೆ ಇರುವುದರಿಂದ ಆಗಾಗ ರಕ್ತಪರೀಕ್ಷೆ ಬೇಕು.

ಕೆಲವು ಸಂದರ್ಭಗಳಲ್ಲಿ ಕಾಯಲೇಬಾರದು. ಹಾರ್ಮೋನು ಕೊರತೆಯಿದ್ದವರ ಮೈ ತಣ್ಣಗಾಗಿ, ಎಬ್ಬಿಸಿದರೂ ಏಳದಷ್ಟು ಮಂಪರು ಕವಿದರೆ, ಹಾರ್ಮೋನು ಹೆಚ್ಚಿದ್ದವರಿಗೆ ತೀವ್ರ ಜ್ವರ, ವಿಪರೀತ ಎದೆಬಡಿತ, ಗೊಂದಲದ ಮಾತು ಒಟ್ಟಿಗೆ ಬಂದರೆ, ಇದ್ದಕ್ಕಿದ್ದಂತೆ ದೃಷ್ಟಿ ಮಂಜಾದರೆ ಅಥವಾ ಕಣ್ಣು ನೋಯತೊಡಗಿದರೆ ತಕ್ಷಣ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಆ ಚಿಕ್ಕ ಪುಸ್ತಕ ಜೊತೆಗಿರಲಿ. ಸಮಯ ಕಡಿಮೆ ಸಿಗುತ್ತದೆ, ಹೊರಗೆ ಸಾಲು ಕಾಯುತ್ತಿರುತ್ತದೆ, ಒಳಗೆ ಹೋದ ಕೂಡಲೇ ಹೇಳಬೇಕಾದದ್ದು ಮರೆತುಹೋಗುತ್ತದೆ. ಹಿಂದಿನ ರಾತ್ರಿಯೇ ಬರೆದಿಟ್ಟುಕೊಳ್ಳಿ: ಯಾವ ಹೊತ್ತಿನಲ್ಲಿ ಸುಸ್ತು ಹೆಚ್ಚು, ನಿದ್ದೆ ಎಷ್ಟು, ಮುಟ್ಟು ಹೇಗಿದೆ, ಮಾತ್ರೆ ಎಷ್ಟು ದಿನ ತಪ್ಪಿತು, ಬೇರೆ ಏನೇನು ಔಷಧಿ ತೆಗೆದುಕೊಳ್ಳುತ್ತಿದ್ದೀರಿ. ಎಲ್ಲಕ್ಕಿಂತ ಮೇಲೆ ಮನಸ್ಸಿನ ವಿಷಯ ಬರೆಯಿರಿ. ಬಾಯಲ್ಲಿ ಹೇಳಲು ಆಗದಿದ್ದರೆ ಆ ಪುಟವನ್ನೇ ಮುಂದಿಡಿ. ಟಿಎಸ್‌ಎಚ್ ಸರಿಯಿದ್ದೂ ಸುಸ್ತು ಉಳಿದಿದ್ದರೆ ರಕ್ತಹೀನತೆ, ಬಿ12 ಮತ್ತು ವಿಟಮಿನ್ ಡಿ ಕೊರತೆ, ನಿದ್ದೆಯಲ್ಲಿ ಉಸಿರುಕಟ್ಟುವುದು, ಸಕ್ಕರೆ ಕಾಯಿಲೆ, ಖಿನ್ನತೆ ಇವುಗಳನ್ನೂ ನೋಡಬೇಕಲ್ಲವೇ ಎಂದು ಕೇಳಿ.